ವಿಡಿಯೋದವರು ಯಾರಾದರೂ ಗೊತ್ತಿದ್ದರೆ ಹೇಳಿ

ಬೇರೆಯವರು ಚಿತ್ರೀಕರಿಸಿ ತಂದ ಮದುವೆಗಳನ್ನು ಮೈಸೂರಿನ ಒಂದು ಸಣ್ಣ ಕೋಣೆಯಲ್ಲಿ ಕುಳಿತು ಸಂಕಲನ ಮಾಡಿಕೊಡುವುದು ಇಪ್ಪತ್ತೊಂದು ವರ್ಷಗಳಿಂದ ನನ್ನ ಕಸುಬು. ನಾನು ಎಡಿಟರ್, ಕ್ಯಾಮೆರಾ ಹಿಡಿಯುವವನಲ್ಲ. ಇದನ್ನು ಎಷ್ಟು ಬಾರಿ ಹೇಳಿದರೂ ಆಷಾಢ ಕಳೆಯುತ್ತಿದ್ದಂತೆಯೇ ನೆಂಟರು, ನೆಂಟರ ನೆಂಟರು, ಕೊನೆಗೆ ಗ್ಯಾಸ್ ಸಿಲಿಂಡರ್ ತರುವವರೂ ಅದನ್ನೇ ಕೇಳುತ್ತಾರೆ: “ಮದುವೆಗೆ ಒಳ್ಳೆ ವಿಡಿಯೋದವರು ಯಾರಾದರೂ ಗೊತ್ತಿದ್ದರೆ ಹೇಳಿ.” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳುಹಿಸುತ್ತೇನೆ.

ಪ್ರಶ್ನೆಗಿಂತ ಹೆಚ್ಚಾಗಿ ಅದರ ಬಾಲ ನನಗೆ ಸಿಟ್ಟು ತರಿಸುತ್ತದೆ. “ಜಾಸ್ತಿ ಏನೂ ಬೇಡ, ಸಿಂಪಲ್ಲಾಗಿ ಮಾಡಿದರೆ ಸಾಕು” ಎಂದರೆ ದುಡ್ಡು ಕಡಿಮೆ ತೆಗೆದುಕೊಳ್ಳಬೇಕು ಎಂದರ್ಥವೇ ಹೊರತು ಕೆಲಸ ಕಡಿಮೆಯಿರಲಿ ಎಂದಲ್ಲ. ಅದರ ಬೆನ್ನಿಗೇ “ಯಾವ ಕ್ಯಾಮೆರಾ ಇಟ್ಟಿದ್ದಾರೆ, ಫೋರ್ ಕೆ ತಾನೆ?” ಎಂದು ಬರುತ್ತದೆ. ಇದೇ ಜನ ಅಡುಗೆ ಭಟ್ಟರನ್ನು ಗೊತ್ತುಮಾಡುವಾಗ ಸೌಟು ಯಾವ ಕಂಪನಿಯದು ಎಂದು ವಿಚಾರಿಸುವುದಿಲ್ಲ. ಅವರು ಬಡಿಸಿದ ಯಾವುದಾದರೊಂದು ಮದುವೆಯಲ್ಲಿ ಉಂಡು ಬಂದವರನ್ನು ಹುಡುಕಿ ಕೇಳುತ್ತಾರೆ.

ವಿಡಿಯೋದವರ ವಿಷಯದಲ್ಲೂ ಹಾಗೆಯೇ ಪೂರ್ತಿ ಊಟದ ರುಚಿ ನೋಡಬೇಕು. ಮೂರು ನಿಮಿಷದ ಹೈಲೈಟ್ಸ್ ನೋಡಿ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಹತ್ತು ಗಂಟೆಯ ಚಿತ್ರಣದಿಂದ ಮೂರು ನಿಮಿಷವನ್ನು ಆರಿಸಿ, ವೇಗ ತಗ್ಗಿಸಿ, ಮೇಲೊಂದು ಹಾಡು ಹೊದಿಸಿ ಕೊಡುವವರು ನನ್ನಂಥವರು, ಮತ್ತು ಆ ಮೋಸವನ್ನು ನಾವು ಚೆನ್ನಾಗಿಯೇ ಮಾಡುತ್ತೇವೆ. ರೆಸಾರ್ಟಿನಲ್ಲಿ ನಡೆದದ್ದನ್ನಲ್ಲ, ನಿಮ್ಮದರಂಥದೇ ಒಂದು ಸಾಧಾರಣ ಛತ್ರದಲ್ಲಿ ನಡೆದ ಮದುವೆಯ ಪೂರ್ತಿ ವಿಡಿಯೋ ಕೇಳಿ ಪಡೆದು, ಅಂತರಪಟ ಸರಿಯುವುದರಿಂದ ಮಾಂಗಲ್ಯಧಾರಣೆಯವರೆಗೆ ಮುಂದಕ್ಕೆ ಓಡಿಸದೆ ನೋಡಿ. ಒಂದು ಕ್ಯಾಮೆರಾದಲ್ಲಿ ಇನ್ನೊಂದು ಕ್ಯಾಮೆರಾದವನ ಬೆನ್ನೇ ಕಾಣುತ್ತಿದ್ದರೆ, ನಿಮ್ಮ ಮದುವೆಯ ದಿನ ಮುಂದಿನ ಸಾಲಿನಲ್ಲಿ ಕುಳಿತ ಸೋದರಮಾವನಿಗೂ ಕಾಣುವುದು ಆ ಬೆನ್ನೇ. ಮುಖಗಳ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತಿದ್ದರೆ ಅದೂ ಒಂದು ಸುಳಿವು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ; ಅದಕ್ಕೆ ಹೊಂದುವಂತೆ ಷಟರನ್ನು, ಅಂದರೆ ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಅವಧಿಯನ್ನು, ಸೆಕೆಂಡಿನ 1/50ಕ್ಕೋ 1/100ಕ್ಕೋ ಇಡಬೇಕೆಂದು ತಿಳಿಯದವನ ಕೈಯಲ್ಲಿ ಎಷ್ಟು ದುಬಾರಿಯ ಕ್ಯಾಮೆರಾ ಇದ್ದರೂ ಅಷ್ಟೇ.

ಮುಹೂರ್ತದ ದಿನ ಬರುವವರು ಯಾರು ಎಂಬುದನ್ನೂ ಕೇಳಿಕೊಳ್ಳಿ. ಒಳ್ಳೆಯ ಲಗ್ನವಿರುವ ದಿನ ಒಂದೇ ಸ್ಟುಡಿಯೋ ನಾಲ್ಕು ಮದುವೆಗಳನ್ನು ಒಪ್ಪಿಕೊಂಡಿರುತ್ತದೆ. ಮಾತನಾಡಿದವರು ಒಬ್ಬರು, ಬಂದು ನಿಲ್ಲುವ ಹುಡುಗ ದಿನದ ಲೆಕ್ಕದಲ್ಲಿ ಎಲ್ಲಿಂದಲೋ ಕರೆಸಿದವನು. ಡ್ರೋನ್ ಬಗ್ಗೆ ನಾನು ಮಾತನಾಡುವುದಿಲ್ಲ. ಛತ್ರದ ತಾರಸಿ ಮೇಲಿನ ಸಿಂಟೆಕ್ಸ್ ಟ್ಯಾಂಕನ್ನು ಆಕಾಶದಿಂದ ನೋಡುವ ಆಸೆಯಿದ್ದವರು ನೋಡಿಕೊಳ್ಳಲಿ.

ಇಷ್ಟು ಜೋರು ಮಾಡುವ ನಾನೇನು ಸಾಚಾ ಅಲ್ಲ. ಎಂಟು ವರ್ಷಗಳ ಹಿಂದೆ ಮಂಡ್ಯದ ಕಡೆಯ ಒಂದು ಹಳ್ಳಿಯ ಮದುವೆ ನನ್ನ ಕೈಗೆ ಬಂದಿತ್ತು. ಅರಿಶಿನ ಶಾಸ್ತ್ರದ ದಿನ ಚಪ್ಪರದ ಕೆಳಗೆ ಮದುಮಗಳ ಅಜ್ಜಿ ಸೋಬಾನೆ ಪದ ಹಾಡಿದ್ದರು. ಆರೇಳು ನಿಮಿಷ, ಪ್ರತಿ ಸಾಲಿನ ಕೊನೆಯನ್ನು ಸುತ್ತ ಕುಳಿತ ಹೆಂಗಸರು ಎತ್ತಿಕೊಳ್ಳುತ್ತಿದ್ದರು. ಹಿಂದೆ ಗ್ರೈಂಡರಿನ ಸದ್ದು, ಒಂದು ಮಗುವಿನ ಅಳು. ನನಗದು ಗಲಾಟೆಯಂತೆ ಕೇಳಿಸಿತು. ಶಬ್ದವನ್ನು ಪೂರ್ತಿ ಇಳಿಸಿ, ಆಗ ಎಲ್ಲೆಡೆ ಓಡುತ್ತಿದ್ದ ಒಂದು ಸಿನಿಮಾ ಹಾಡನ್ನು ಅದರ ಮೇಲೆ ಹಾಕಿದೆ. ಮನೆಯವರು ನೋಡಿ “ಸೂಪರ್ ಅಣ್ಣಾ” ಎಂದರು. ಎರಡು ವರ್ಷಗಳ ನಂತರ ಆ ಹುಡುಗಿ ಫೋನ್ ಮಾಡಿದಳು: “ಅಣ್ಣಾ, ಅಜ್ಜಿ ಹೋಗಿಬಿಟ್ರು. ಅವರು ಹಾಡಿದ್ದು ಪೂರ್ತಿ ಬೇಕಿತ್ತು.” ನಾನು ಕೊಟ್ಟಿದ್ದ ವಿಡಿಯೋದಲ್ಲಿ ಅಜ್ಜಿ ಬಾಯಿ ತೆರೆದರೆ ಸಿನಿಮಾ ಗಾಯಕನ ದನಿ ಬರುತ್ತದೆ. ಮೂಲ ಫೈಲುಗಳನ್ನು ನಾಲ್ಕೇ ತಿಂಗಳಿಗೆ ಅಳಿಸಿ, ಹಾರ್ಡ್ ಡಿಸ್ಕನ್ನು ಮುಂದಿನ ಮದುವೆಗಳಿಗೆ ಬಳಸಿಯಾಗಿತ್ತು.

ನನ್ನ ಕಡೆಯ ಲೆಕ್ಕವನ್ನೂ ಕೇಳಿ. ಫೋರ್ ಕೆ ಚಿತ್ರಣ ಸೆಕೆಂಡಿಗೆ 100 ಮೆಗಾಬಿಟ್ಟಿನಂತೆ ಗಂಟೆಗೆ 45 ಜಿಬಿ ತಿನ್ನುತ್ತದೆ. ಆರತಕ್ಷತೆಯ ನಾಲ್ಕು ಗಂಟೆ, ಮುಹೂರ್ತದ ಆರು ಗಂಟೆ, ಎರಡು ಕ್ಯಾಮೆರಾ ಎಂದರೆ 900 ಜಿಬಿ. ಇದನ್ನು ವರ್ಷಗಟ್ಟಲೆ ಕಾಯ್ದಿಡಲು ಯಾರೂ ನನಗೆ ಒಂದು ರೂಪಾಯಿ ಕೊಟ್ಟಿರಲಿಲ್ಲ. ಆದರೂ ಆ ಹುಡುಗಿಯ ಮುಂದೆ ಈ ಲೆಕ್ಕ ಒಪ್ಪಿಸಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಅವಳು ತನ್ನ ತಾಯಿಯ ಮದುವೆಯ 180 ನಿಮಿಷದ ವಿಎಚ್‌ಎಸ್ ಕ್ಯಾಸೆಟ್ಟನ್ನು, ಬೂಷ್ಟು ಹಿಡಿದದ್ದನ್ನು, ತಂದು ಕೊಟ್ಟಳು. ಅದನ್ನು ಸಂಕಲನ ಮಾಡಿದವನು ಸೋಮಾರಿಯಾಗಿದ್ದನೋ ಏನೋ, ಚಪ್ಪರದ ಭಾಗಕ್ಕೆ ಹಾಡು ಹಾಕುವ ಗೋಜಿಗೇ ಹೋಗಿರಲಿಲ್ಲ. ಗೆರೆ ಗೆರೆಯಾದ ಚಿತ್ರದಲ್ಲಿ ಅದೇ ಅಜ್ಜಿ, ಆಗಿನ್ನೂ ಕಪ್ಪು ಕೂದಲು, ಅದೇ ಪದ ಹಾಡುತ್ತಿದ್ದರು. ಪೆನ್‌ಡ್ರೈವಿಗೆ ಹಾಕಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಯಾರ ಮಾತು, ಯಾರ ಹಾಡು ಉಳಿಯಬೇಕು, ಅದನ್ನು ಹಿಡಿಯುವುದು ಹೇಗೆ ಎಂದು ಈವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಕ್ಯಾಮೆರಾದ ಮೈಕನ್ನು ನಂಬಬೇಡಿ, ಗಟ್ಟಿಮೇಳ ಶುರುವಾದರೆ ಅದರಲ್ಲಿ ಉಳಿಯುವುದು ಒಡೆದ ದನಿ ಮಾತ್ರ. ಪುರೋಹಿತರ ಶಲ್ಯಕ್ಕೊಂದು ಸಣ್ಣ ಕಾಲರ್ ಮೈಕು ಸಿಕ್ಕಿಸಿದರೆ ಮಂತ್ರವೂ ಕೇಳುತ್ತದೆ, ಧಾರೆ ಎರೆಯುವಾಗ ನಿಮ್ಮ ತಂದೆಯವರ ಗಂಟಲು ಕಟ್ಟಿದ್ದೂ ಕೇಳುತ್ತದೆ. ಹಾಡುವ ಅಜ್ಜಿ, ಜೋಕು ಹೊಡೆಯುವ ಚಿಕ್ಕಪ್ಪ ಯಾರೆಂದು ವಿಡಿಯೋದವರಿಗೆ ಹಿಂದಿನ ದಿನವೇ ತೋರಿಸಿಡಿ. ಹಾಡು ಹೊದಿಸದ ಒಂದು ಪ್ರತಿಯನ್ನು ಬೇರೆಯಾಗಿ ಕೇಳಿ ಪಡೆಯಿರಿ. ಎರಡು ಟಿಬಿಯ ಹಾರ್ಡ್ ಡಿಸ್ಕ್ ನೀವೇ ಕೊಂಡುಕೊಟ್ಟು ಮೂಲ ಫೈಲುಗಳನ್ನು ತುಂಬಿಸಿಕೊಳ್ಳಿ.

“ಮೂಲ ಫೈಲು ಕೊಡುವ ಪದ್ಧತಿ ನಮ್ಮಲ್ಲಿಲ್ಲ” ಎಂದು ಕೆಲವರು ಹೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ನಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದ ಛಾಯಾಚಿತ್ರಕ್ಕೂ ಚಲನಚಿತ್ರಕ್ಕೂ ಮೊದಲ ಹಕ್ಕುದಾರರು ಮಾಡಿಸಿದವರೇ. ಆ ‘ಬೇರೆ ಒಪ್ಪಂದ’ ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರದಲ್ಲಿ ಇರಬಹುದು. ಸಹಿ ಹಾಕುವ ಮುನ್ನ ತಿರುಗಿಸಿ ಓದಿ.

ಇಷ್ಟಾದ ಮೇಲೂ ನಂಬರ್ ಬೇಕೆಂದರೆ ಫೋನ್ ಮಾಡಿ, ಇಬ್ಬರದನ್ನು ಕೊಡುತ್ತೇನೆ. ಇಬ್ಬರ ಬಳಿಯೂ ಡ್ರೋನ್ ಇಲ್ಲ. ನೀವು ಬಾಯಿ ಬಿಡುವ ಮೊದಲೇ ಇಬ್ಬರೂ ಒಂದು ಷರತ್ತು ಹಾಕುತ್ತಾರೆ: ತಮ್ಮ ಹುಡುಗರಿಗೆ ಎರಡನೆಯ ಪಂಕ್ತಿಯಲ್ಲೇ ಊಟ ಹಾಕಿಸಬೇಕು. ಹಾಕಿಸಿ. ಕೊನೆಯ ಪಂಕ್ತಿಗೆ ತಳ್ಳಿದರೆ, ಹೆಣ್ಣೊಪ್ಪಿಸುವ ಹೊತ್ತಿಗೆ ಅವರು ಎಲೆಯ ಮುಂದೆ ಕುಳಿತು ಸಾರಿಗೆ ಕಾಯುತ್ತಿರುತ್ತಾರೆ.