ಪೈಥಾನ್ ಕಲಿತ್ರ ಸಾಕೇನ್ರಿ ಸರ?

ಪೈಥಾನ್ ಅಂದ್ರ ಪ್ರೋಗ್ರಾಮ್ ಬರಿಯೂ ಒಂದು ಕಂಪ್ಯೂಟರ್ ಭಾಷೆ. ಈ ಪ್ರಶ್ನೆ ವಾರಕ್ಕೊಮ್ಮೆ ಆದ್ರೂ ಬರ್ತೈತಿ. ವಾಟ್ಸಾಪಿನ್ಯಾಗ, ಮದುವಿ ಊಟದ ಪಂಕ್ತಿಯೊಳಗ, ಒಮ್ಮೆ ಅಂತೂ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ್ಯಾಗ ನಿಂತಾಗ ಒಬ್ಬ ಹುಡುಗ ಉಣಕಲ್ಲಿಂದ ಹಿಡಿದು ನವಲೂರು ದಾಟೂ ತನಕ ಇದನ್ನ ಕೇಳಿದ. "ಸರ, ನಾ ಇಂಜಿನಿಯರಿಂಗ್ ಮುಗಿಸೇನಿ, ಪೈಥಾನ್ ಬರ್ತೈತಿ, ನಿಮ್ಮಂಗ ಆಸ್ಪತ್ರಿ ಡೇಟಾ ಮ್ಯಾಲೆ ರಿಸರ್ಚ್ ಮಾಡಾಕ ಇಷ್ಟ ಸಾಕಾ, ಇಲ್ಲಾ ಇನ್ನೊಂದು ಮಷಿನ್ ಲರ್ನಿಂಗ್ ಕೋರ್ಸ್ ಮಾಡ್ಲ್ಯಾ?" ಅಂತ. (ಮಷಿನ್ ಲರ್ನಿಂಗ್ ಅಂದ್ರ ಹಳೇ ಡೇಟಾ ನೋಡಿ ಕಂಪ್ಯೂಟರ್ ತಾನ ಕಲಿಯೂದು.) ನಾ ಆವತ್ತು ಏನೋ ಹೂಂ ಹೂಂ ಅಂದು ಇಳದೆ. ಇಲ್ಲಿ ಸ್ವಲ್ಪ ಸಾವಕಾಶ ಬರೀತೇನಿ.

ಸಾಕಾಗಂಗಿಲ್ಲ. ಆದ್ರ ಕಮ್ಮಿ ಬೀಳೂದು ಕೋರ್ಸ್ ಅಲ್ಲ. ಅದನ್ನ ಹೇಳಬೇಕಂದ್ರ ನಾ ಮಾಡಿದ ಒಂದು ಘನಂದಾರಿ ಕೆಲಸದ ಕಥಿ ಹೇಳಬೇಕು.

ಕೆಲವು ವರ್ಷದ ಹಿಂದ ಗದಗ ಕಡೆ ಹಳ್ಳಿಗಳೊಳಗ ಬಿಪಿ, ಶುಗರ್ ತಪಾಸಣಿ ಮಾಡೂ ಒಂದು ಪ್ರಾಜೆಕ್ಟ್ ನಡೆದಿತ್ತು. ನರ್ಸ್‌ಗಳು ಟ್ಯಾಬ್‌ನ್ಯಾಗ ತುಂಬತಿದ್ರು, ಸಂಜಿಕ್ಕ ಡೇಟಾ ನನ್ನ ಕಡೆ ಬರ್ತಿತ್ತು, ನಾ ಧಾರವಾಡದಾಗ ಫ್ಯಾನ್ ಕೆಳಗ ಕುಂತು ಮಾಡೆಲ್ ಕಟ್ತಿದ್ದೆ, ಯಾರಿಗೆ ಮುಂದ ಲಕ್ವಾ ಹೊಡಿಯೂ ಸಂಭವ ಐತಿ ಅಂತ ಮೊದಲ ಹೇಳೂ ಮಾಡೆಲ್. ಅದರಾಗ ಒಂದು ಸೆಂಟರಿನ ಡೇಟಾ ಅಂದ್ರ ಭಾಳ ಛಲೋ. ಒಂದೂ ಕಾಲಂ ಖಾಲಿ ಇಲ್ಲ. ಮೀಟಿಂಗಿನ್ಯಾಗ ಎಲ್ಲಾರ ಮುಂದ "ಇವರನ್ನ ನೋಡಿ ಕಲೀರಿ" ಅಂತ ಬ್ಯಾರೆ ಹೇಳಿದ್ದೆ.

ಒಂದಿನ ಸುಮ್ಮನ ಆ ಸೆಂಟರಿನ ಬಿಪಿ ಅಂಕಿಗಳ ಬಾರ್ ಚಾರ್ಟ್ ಹಾಕಿ ನೋಡ್ತೇನಿ, 120ರ ಮ್ಯಾಲೆ ಒಂದು ಕಂಬ, 80ರ ಮ್ಯಾಲೆ ಒಂದು ಕಂಬ, ಆಜೂಬಾಜೂ ಬಯಲು. ಇದು ಆಗೂ ಮಾತಲ್ಲ. ಡಿಜಿಟಲ್ ಮಷಿನ್‌ನ್ಯಾಗ ಬಿಪಿ ನೋಡಿದ್ರ ಕಡೀ ಅಂಕಿ ಸೊನ್ನಿಯಿಂದ ಒಂಬತ್ತರ ತನಕ ಹೆಚ್ಚೂಕಮ್ಮಿ ಸಮ ಸಮ ಬರಬೇಕು, ಹತ್ತರಾಗ ಒಂದಕ್ಕ ಸೊನ್ನಿ. ಹಳೇ ಪಾದರಸದ ಮಷಿನ್ ಆದ್ರ ಗೀಟು ಎರಡೆರಡಕ್ಕ ಇರ್ತಾವ, ಅಲ್ಲಿ ಐದರಾಗ ಒಂದಕ್ಕ ಸೊನ್ನಿ ಬಂದ್ರ ಸರಿ. ಇಲ್ಲಿ ಸೊನ್ನಿ ಬಿಟ್ರ ಬ್ಯಾರೆ ಅಂಕಿನ ಕಾಣವಲ್ದು.

ಮರುದಿನ ಬಸ್ ಹತ್ತಿ ಹೋದೆ. ಸಿಟ್ಟಿನ್ಯಾಗ ಹೋದೆ ಅಂತನ ಇಟ್ಕೊಳ್ರಿ. ಅಲ್ಲಿ ನರ್ಸಮ್ಮ ಚಹಾ ಕೊಟ್ರು, ಆಮ್ಯಾಲೆ ಟೇಬಲ್ಲಿನ ಖಾನಿ ತಗದು ಬಿಪಿ ಮಷಿನ್ ಹೊರಗ ಇಟ್ರು. ತೋಳಿಗೆ ಸುತ್ತೂ ಪಟ್ಟಿ ಅಂಟೂದು ಬಿಟ್ಟು ಎಷ್ಟೋ ದಿನ ಆಗಿರಬೇಕು, ದಾರ ಕಟ್ಟಿದ್ರು. ಬಟನ್ ಒತ್ತಿದ್ರು, ಏನೂ ಹತ್ತಲಿಲ್ಲ. "ಬ್ಯಾಟರಿ ಹೋಗಿ ಎರಡು ತಿಂಗಳಾತ್ರಿ ಸರ, ಬರದು ಕಳಿಸೇನಿ, ಬಂದಿಲ್ಲ. ಕಾಲಂ ಖಾಲಿ ಬಿಟ್ರ ನಿಮ್ಮ ಆ್ಯಪ್ ಮುಂದ ಹೋಗಂಗಿಲ್ಲ, ಕೆಂಪಗಾಗಿ ನಿಂದರ್ತೈತಿ. ಹೊರಗ ನಲವತ್ತು ಮಂದಿ ಪಾಳಿ ಹಚ್ಚಿರ್ತಾರ, ನಾ ಏನ್ ಮಾಡ್ಲಿ ಹೇಳ್ರಿ?"

ಆ ಕೆಂಪು ಗುರುತು ಹಾಕಿದ್ದು ನಾನ. ಮಿಸ್ಸಿಂಗ್ ಡೇಟಾ ಬರಬಾರದು ಅಂತ ಆ ಫೀಲ್ಡ್ ಕಡ್ಡಾಯ ಮಾಡಿ, ಅವತ್ತು ರಾತ್ರಿ ಆರಾಮ ಮಲಗಿದ್ದೆ.

ಇನ್ನೊಂದು ಮಾತು, ಇದನ್ನ ನಾ ಮರೆಯಂಗಿಲ್ಲ. ಆಕಿ ಕಡೆ ತನ್ನದ ಒಂದು ಉದ್ದನ ರಟ್ಟಿನ ರಜಿಸ್ಟರ್ ಇತ್ತು. ಅದರಾಗ ಬಿಪಿ ಕಾಲಂದಾಗ ಎರಡು ತಿಂಗಳದ್ದೂ ಸಾಲಾಗಿ ಅಡ್ಡಗೀಟು. ಅಂದ್ರ ಆಕಿ ತನ್ನ ಪುಸ್ತಕದಾಗ ಖರೇನ ಬರದಿದ್ರು, ಸುಳ್ಳು ಬರಿಸಿಕೊಂಡಿದ್ದು ನನ್ನ ಸಾಫ್ಟ್‌ವೇರ್.

ಇದರಿಂದ ಮಾಡೆಲ್ಲಿಗೆ ಏನಾಗ್ತಿತ್ತು ಅಂದ್ರ, ಬಿಪಿ 160 ಇರೂ ಮನುಷ್ಯಾಗ ನಾವು 120 ಅಂತ ಬರಕೊಂಡೇವಿ, ನಾಳೆ ಅವಗ ಲಕ್ವಾ ಹೊಡೀತಂದ್ರ ಮಾಡೆಲ್ ಏನ್ ತಿಳಕೋತೈತಿ, ಬಿಪಿ ನಾರ್ಮಲ್ ಇದ್ದವ್ರಿಗೂ ಹೊಡೀತೈತಿ, ಬಿಪಿಗೂ ಲಕ್ವಾಕ್ಕೂ ಅಂಥಾ ಸಂಬಂಧ ಏನಿಲ್ಲ ಅಂತ. ಇಂಥಾ ಸಾವಿರ ಸಾಲು ಕೂಡಿದ್ರ, ಗೊತ್ತಿರೂ ಸಂಬಂಧಾನೂ ಸವೆದು ಹೋಗ್ತೈತಿ. ಮಾಡೆಲ್ ಕಟ್ಟೂ ಅಲ್ಗಾರಿದಮ್ ತಾನಾಗಿ ಇದನ್ನ ಹಿಡಿಯಂಗಿಲ್ಲ, ಯಾಕಂದ್ರ ಅದರ ಕಣ್ಣಿಗೆ 120 ಅಂದ್ರ 120 ಅಷ್ಟ.

ದೊಡ್ಡ ದೊಡ್ಡ ಊರಾಗೂ ಹಿಂಗ ಆಗೈತಿ, ನಮ್ಮ ಕಡೆ ಅಷ್ಟ ಅಲ್ಲ. ಅಮೆರಿಕಾದ ಪಿಟ್ಸ್‌ಬರ್ಗ್‌ನ್ಯಾಗ 1990ರ ದಶಕದಾಗ ನ್ಯುಮೋನಿಯಾ ಪೇಷಂಟ್‌ಗಳ ಡೇಟಾ ಮ್ಯಾಲೆ ಯಾರು ಸಾಯೂ ಸಂಭವ ಹೆಚ್ಚು ಅಂತ ಹೇಳೂ ಮಾಡೆಲ್ ಕಟ್ಟಿದ್ರು. ಅಸ್ತಮಾ ಇದ್ದವ್ರಿಗೆ ಅಪಾಯ ಕಮ್ಮಿ ಅಂತ ಅದು ಕಲಿತ್ತು. ದಮ್ಮಿನ ಜಡ್ಡು ಇದ್ದವಗ ನ್ಯುಮೋನಿಯಾ ಬಂದ್ರ ಛಲೋ ಆಗ್ತೈತಿ ಅಂದ್ರ ನಮ್ಮ ಅಜ್ಜಿ ಸೈತ ನಗ್ತಾಳ. ಆಗಿದ್ದೇನಂದ್ರ, ಅಸ್ತಮಾ ಐತಿ ಅಂದ ಕೂಡ್ಲೆ ಅಲ್ಲಿ ಡಾಕ್ಟರ್‌ಗಳು ಪೇಷಂಟ್‌ನ ಸೀದಾ ಐಸಿಯುಕ್ಕ ಒಯ್ತಿದ್ರು, ಅದಕ್ಕ ಅವರು ಉಳೀತಿದ್ರು. ಮಾಡೆಲ್ಲಿಗೆ ಐಸಿಯು ಕಾಣಲಿಲ್ಲ, ಉಳದಿದ್ದು ಕಾಣ್ತು. ಅದನ್ನ ನಂಬಿ ಅಸ್ತಮಾದವ್ರನ್ನ ಮನಿಗೆ ಕಳಿಸಿದ್ರ ಗತಿ ಏನು? ಪುಣ್ಯಕ್ಕ ಆ ಮಾಡೆಲ್‌ನ ಪೇಷಂಟ್ ತನಕ ಬಿಡಲಿಲ್ಲ.

ಎಕ್ಸೆಲ್ಲಿನ ಪುರಾಣ ಅಂತೂ ಕೇಳಬ್ಯಾಡ್ರಿ. ಸೆಪ್ಟ್2 ಅಂತ ಒಂದು ಜೀನ್ ಇತ್ತು, ಎಕ್ಸೆಲ್ಲಿನ್ಯಾಗ ಟೈಪ್ ಮಾಡಿದ್ರ ಅದು ಸೆಪ್ಟೆಂಬರ್ 2 ಅಂತ ತಾರೀಖು ಆಗಿಬಿಡ್ತಿತ್ತು, ಎಷ್ಟೋ ರಿಸರ್ಚ್ ಪೇಪರ್ ಜೋಡಿ ಹಂಗ ತಪ್ಪು ಪಟ್ಟಿ ಪ್ರಿಂಟ್ ಆಗ್ಯಾವ. ಕಡೀಕ 2020ರಾಗ ಇಂಥಾ ಜೀನ್‌ಗಳ ಹೆಸರ ಬದಲಿ ಮಾಡಿ ಸೆಪ್ಟಿನ್2 ಅಂತ ಇಟ್ರು, ಸಾಫ್ಟ್‌ವೇರ್ ಬಗ್ಗಲಿಲ್ಲ, ವಿಜ್ಞಾನ ಬಗ್ಗಿತು. ಅದ ವರ್ಷ ಇಂಗ್ಲೆಂಡಿನ್ಯಾಗ ಹಳೇ ಫಾರ್ಮ್ಯಾಟಿನ ಎಕ್ಸೆಲ್ ಫೈಲ್ 65,536 ಸಾಲಿನ ಮ್ಯಾಲೆ ಹಿಡಿಯಂಗಿಲ್ಲ ಅನ್ನೂದು ಮರತು 15,841 ಕೋವಿಡ್ ಕೇಸು ಲೆಕ್ಕದಿಂದ ಬಿಟ್ಟು ಹೋಗಿದ್ವು. ಅಷ್ಟೂ ಮಂದಿ ಯಾರ ಯಾರ ಜೋಡಿ ಓಡಾಡಿದ್ರು ಅಂತ ಹುಡುಕೂ ಕೆಲಸ ತಡಾ ಆತು.

ಹಂಗಾರ ಏನ್ ಕಲೀಬೇಕು ಅಂತೀರಿ. ಪೈಥಾನ್ ಇರ್ಲಿ, ಆರ್ ಅನ್ನೂ ಇನ್ನೊಂದು ಭಾಷೆ ಇರ್ಲಿ, ಯಾವುದರ ಒಂದು ನಡೀತೈತಿ, ಆ ಜಗಳಕ್ಕ ನಾ ಬರಂಗಿಲ್ಲ. ಡೇಟಾಬೇಸಿನಿಂದ ಬೇಕಾದ ಮಾಹಿತಿ ತಗಿಯೂ ಎಸ್‌ಕ್ಯೂಎಲ್ ಬೇಕು. ಸ್ಟ್ಯಾಟಿಸ್ಟಿಕ್ಸ್ ಬೇಕ ಬೇಕು, ಅದೂ ಪರೀಕ್ಷಾ ಪಾಸಾಗೂ ಸ್ಟ್ಯಾಟಿಸ್ಟಿಕ್ಸ್ ಅಲ್ಲ, ಈ ಗುಂಪಿನ್ಯಾಗ ಯಾರು ಬಂದಿಲ್ಲ, ಯಾಕ ಬಂದಿಲ್ಲ ಅಂತ ಕೇಳಿಸೂ ಸ್ಟ್ಯಾಟಿಸ್ಟಿಕ್ಸ್. ಆಮ್ಯಾಲೆ ಎಪಿಡೆಮಿಯಾಲಜಿ, ನಮ್ಮ ಇಂಜಿನಿಯರಿಂಗ್ ಹುಡುಗೂರು ಈ ಹೆಸರು ಕೇಳಿದ್ರ ಚರ್ಮದ ಡಾಕ್ಟರ್ ಏನ್ರಿ ಅಂತಾರ. ಅಲ್ಲ. ಜಡ್ಡು ಯಾರಿಗೆ, ಎಲ್ಲಿ, ಯಾಕ ಬರ್ತೈತಿ ಅಂತ ಲೆಕ್ಕ ಹಾಕೂ ಶಾಸ್ತ್ರ. ಧಾರವಾಡದಾಗ ಐಐಟಿ ಐತಿ, ಟ್ರಿಪಲ್ ಐಟಿ ಐತಿ, ಹುಬ್ಬಳ್ಳ್ಯಾಗ 1957ರಿಂದ ಮೆಡಿಕಲ್ ಕಾಲೇಜು ಐತಿ, ನಡುವ ಬಸ್ಸು ಓಡ್ತಾವ, ಆದ್ರ ನಾ ಕಂಡಂಗ ಕೋಡ್ ಬರಿಯಾವ್ರೂ ಕೇಸ್ ಶೀಟ್ ಬರಿಯಾವ್ರೂ ಒಂದ ಟೇಬಲ್ಲಿಗೆ ಕುಂತು ಚಹಾ ಕುಡಿಯೂದು ಅಪರೂಪ.

ಅದಕ್ಕ ಈಗ ನನ್ನ ಕಡೆ ಕೆಲಸಕ್ಕ ಬರೂ ಹುಡುಗೂರಿಗೆ ಮೊದಲ ಲ್ಯಾಪ್‌ಟಾಪ್ ತಗೀಬ್ಯಾಡ ಅಂತೇನಿ. ಎರಡು ದಿನ ಓಪಿಡಿ ಚೀಟಿ ಮಾಡೂ ಕಿಟಕಿ ಹಿಂದ ಕುಂದ್ರು, ಅಂಕಿ ಹೆಂಗ ಹುಟ್ತಾವ ನೋಡು. ಅಲ್ಲಿ ಗೊತ್ತಾಗ್ತೈತಿ, ಪಾಟೀಲ ಅನ್ನೂದನ್ನ ಇಂಗ್ಲಿಷಿನ್ಯಾಗ ಬರಿಯಾಕ ಎಷ್ಟು ನಮೂನಿ ಅದಾವ, ಒಬ್ಬ ಬಸವರಾಜ ಮೂರು ಸಲ ಬಂದ್ರ ಹೆಂಗ ಮೂರು ಬಸವರಾಜ ಆಗ್ತಾನ, ಫೋನ್ ನಂಬರ್ ಕೇಳಿದ್ರ ಮುದುಕಿ ಕೊಡೂದು ಮಮ್ಮಗಂದು, ಆ ಒಂದ ನಂಬರಿನ ಮ್ಯಾಲೆ ಮನೀ ಮಂದಿ ಎಲ್ಲಾ ಕೂಡಿ ಒಬ್ಬನ ಪೇಷಂಟ್ ಆಗೂದು ಹೆಂಗ ಅಂತ. ಒಬ್ಬ ಮನುಷ್ಯಾನ ಎರಡು ದಾಖಲೆ ಕೂಡಸೂದ ನಮ್ಮ ಕೆಲಸದಾಗ ಅರ್ಧ ಕೆಲಸ, ಅದಕ್ಕ ಬೇಕಾದ ಗಣಿತ 1960ರ ದಶಕದಿಂದ ಐತಿ, ಆದ್ರ ಆ ಗಣಿತಕ್ಕ ಬಸವರಾಜನೂ ಬಸಪ್ಪನೂ ಒಂದ ಮನುಷ್ಯಾ ಇರಬಹುದು ಅನ್ನೂದು ನಾವ ಹೇಳಿಕೊಡಬೇಕು.

ಹೋದ ವರ್ಷ ಹಾವೇರಿ ಕಡೀ ಹುಡುಗ ಒಬ್ಬ ಬಂದಿದ್ದ, ಆರು ಕೋರ್ಸಿನ ಸರ್ಟಿಫಿಕೇಟ್ ಫೈಲಿನ್ಯಾಗ ಇಟ್ಕೊಂಡು. ಕಿಟಕಿ ಹಿಂದ ಕುಂದ್ರಿಸಿದೆ, ಮಾರಿ ಸಣ್ಣದು ಮಾಡ್ಕೊಂಡ ಕುಂತ. ಮೂರನೇ ದಿನ ಓಡಿ ಬಂದು "ಸರ, ಡೇಟಾ ಕೆಟ್ಟೈತಿ, ಎಲ್ಲೋ ಬಗ್ ಐತಿ, ನಲವತ್ತು ದಾಟಿದವ್ರು ಇಷ್ಟ ಮಂದಿ ಜೂನ್ 1ಕ್ಕ ಹುಟ್ಟಾಕ ಹೆಂಗ ಸಾಧ್ಯ" ಅಂದ. ನಿಮ್ಮಪ್ಪನ ಹುಟ್ಟಿದ ತಾರೀಖು ಎಷ್ಟೋ ಅಂದೆ. ಫೋನ್ ತಗದು ಆಧಾರ್ ಫೋಟೋ ಹುಡುಕಿದ, ನೋಡಿದ, ಒಂದು ಗಳಿಗಿ ಸುಮ್ಮನ ನಿಂತು ನಗಾಕ ಹತ್ತಿದ. ಸಾಲಿಗೆ ಹೆಸರು ಹಚ್ಚೂವಾಗ ಮಾಸ್ತರು ಕೊಟ್ಟ ಹುಟ್ಟುಹಬ್ಬ ಅದು, ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳ್ರಿ? ಆ ಡೇಟಾದಾಗ ವಯಸ್ಸನ್ನ ದಿನದ ಲೆಕ್ಕಕ್ಕ ಹಿಡಿಯೂದು ಬಿಟ್ವಿ, ಐದೈದು ವರ್ಷದ ಗುಂಪು ಮಾಡ್ಕೊಂಡ್ವಿ. ಅವನ ಸರ್ಟಿಫಿಕೇಟ್ ಫೈಲ್ ಇನ್ನೂ ನನ್ನ ಕಪಾಟಿನ್ಯಾಗ ಐತಿ, ಒಯ್ಯೂದ ಮರತಾನ.