3ಡಿಎಸ್ ಬ್ರೌಸರ್‌ನಲ್ಲಿ ಮೈನ್‌ಸ್ವೀಪರ್: ಮೂರನೇ ವಾರ

ಕೊನೆಗೂ ಎರಡು ಪರದೆಗಳೂ ನಿಂತಲ್ಲೇ ನಿಂತಿವೆ! ಈ ವಾರದ ದೊಡ್ಡ ಸುದ್ದಿ ಇದೇ.

ಹೊಸದಾಗಿ ಓದುವವರಿಗೆ ಎರಡು ಮಾತು. ನಿಂಟೆಂಡೊ 3ಡಿಎಸ್ ಅಂದರೆ 2011ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಕನ್ಸೋಲ್. ಅದರ ಆನ್‌ಲೈನ್ ಆಟದ ಸೇವೆ 2024ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ಆದರೆ ಒಳಗಿರುವ ಬ್ರೌಸರ್ ಇನ್ನೂ ತೆರೆಯುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡದೆ, ಬರೀ ಒಂದು ವಿಳಾಸ ಕೊಟ್ಟರೆ ನಾನು ಬರೆದ ಮೈನ್‌ಸ್ವೀಪರ್, ಅಂದರೆ ಅಡಗಿರುವ ಬಾಂಬ್ ಮುಟ್ಟದೆ ಉಳಿದ ಚೌಕಗಳನ್ನೆಲ್ಲ ತೆರೆಯುವ ಆಟ, ಅದರಲ್ಲಿ ಓಡಬೇಕು. ನನ್ನ ಆಸೆ ಅಷ್ಟೇ.

ಮೇಲಿನ ಪರದೆ 400 ಪಿಕ್ಸೆಲ್ ಅಗಲ, ಕೆಳಗಿನದು 320. ಬ್ರೌಸರ್ ಇವೆರಡನ್ನೂ ಒಂದೇ ಉದ್ದನೆಯ ಪುಟದ ಎರಡು ತುಂಡುಗಳ ಹಾಗೆ ತೋರಿಸುತ್ತದೆ. ಅದಕ್ಕೇ ಪುಟದ ಅಗಲ 400 ಇಟ್ಟು, ಕೆಳಗಿನ ಭಾಗಕ್ಕೆ ಎರಡೂ ಕಡೆ 40 ಪಿಕ್ಸೆಲ್ ಖಾಲಿ ಬಿಟ್ಟೆ. ತಲೆನೋವು ಇದ್ದದ್ದು ಸ್ಕ್ರೋಲ್‌ನಲ್ಲಿ. ಸ್ಟೈಲಸ್ (ಪರದೆ ಮುಟ್ಟುವ ಕಡ್ಡಿ) ಚೂರು ಜಾರಿದರೂ ಪುಟ ಸರಿದುಬಿಡುತ್ತಿತ್ತು, ಆಟದ ಸಮಯ ತೋರಿಸುವ ಗಡಿಯಾರದ ಅಂಕಿಗಳು ಅರ್ಧ ಮೇಲೆ, ಅರ್ಧ ಕೆಳಗೆ. ಈಗ ಒಂದು ಟೈಮರ್ ಪುಟವನ್ನು ಮತ್ತೆ ಮತ್ತೆ ಅದರ ಜಾಗಕ್ಕೆ ಎಳೆದು ತರುತ್ತದೆ. ಜಾರಿದರೂ ಒಂದು ಕ್ಷಣ ಅಲುಗಿ ಸರಿಹೋಗುತ್ತದೆ.

ಇನ್ನೊಂದು ಲೆಕ್ಕ ನನ್ನನ್ನು ಎರಡು ಸಂಜೆ ಕಾಡಿತು. ಪರದೆಯ ಎತ್ತರ 240, ಆದರೆ ಬ್ರೌಸರ್‌ನ ಪಟ್ಟಿ ಕಳೆದರೆ ಕೆಳಗಡೆ ನಮಗೆ ಉಳಿಯುವುದು ಸುಮಾರು 212. ಆಟ 9 ಸಾಲು, 9 ಕಂಬ, 10 ಬಾಂಬ್. ಒಂದೊಂದು ಚೌಕ 24 ಪಿಕ್ಸೆಲ್ ಇಟ್ಟಿದ್ದೆ, ಒಟ್ಟು 216. ಕೊನೆಯ ಸಾಲಿನ ಅಂಚು ಸುಮ್ನೆ ಮಾಯ! 23ಕ್ಕೆ ಇಳಿಸಿದೆ, 207 ಆಯಿತು, ಸರಿಯಾಗಿ ಕೂತಿತು. ಪಕ್ಕದಲ್ಲಿ ಉಳಿದ 113 ಪಿಕ್ಸೆಲ್‌ನಲ್ಲಿ 'ಹೊಸ ಆಟ' ಬಟನ್ ಇದೆ.

ಬಾಂಬ್ ಇದೆ ಅನ್ನಿಸಿದ ಚೌಕಕ್ಕೆ ಗುರುತಾಗಿ ಬಾವುಟ ನೆಡುವುದು ಹೇಗೆ ಅನ್ನೋದು ನನಗೆ ತುಂಬಾ ಇಷ್ಟವಾದ ಭಾಗ. ಸ್ಟೈಲಸ್‌ಗೆ ರೈಟ್ ಕ್ಲಿಕ್ ಇಲ್ಲ ಅಲ್ವಾ? ಆದರೆ ಬಲಗೈಯಲ್ಲಿ ಸ್ಟೈಲಸ್ ಇದ್ದಾಗ ಎಡಗೈ ಹೆಬ್ಬೆರಳು ತಾನಾಗಿಯೇ ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್) ಮೇಲೆ ಇರುತ್ತದೆ. ಡಿ-ಪ್ಯಾಡ್ ಒತ್ತಿದರೆ ಬ್ರೌಸರ್‌ಗೆ ಕೀಬೋರ್ಡಿನ ಬಾಣದ ಕೀಲಿ ಒತ್ತಿದ ಹಾಗೆ, 37ರಿಂದ 40ರವರೆಗಿನ ಕೋಡ್. ಮೇಲಿನ ಬಾಣ, ಅಂದರೆ 38, ಒತ್ತಿ ಹಿಡಿದು ಚೌಕ ಮುಟ್ಟಿದರೆ ಬಾವುಟ. ಬಿಟ್ಟು ಮುಟ್ಟಿದರೆ ಚೌಕ ತೆರೆಯುತ್ತದೆ. ಎಡಗೈಯಲ್ಲಿ ಸ್ಟೈಲಸ್ ಹಿಡಿಯುವವರಿಗೆ ಎ ಬಟನ್ ಕೊಟ್ಟಿದ್ದೇನೆ, ಅದರ ಕೋಡ್ 13, ಎಂಟರ್ ಕೀಲಿಯದೇ. ಐದು ನಿಮಿಷ ಆಡಿದ ಮೇಲೆ ಬೆರಳಿಗೆ ತಾನೇ ಗೊತ್ತಾಗಿಬಿಡುತ್ತದೆ. ಫೋನಿನಲ್ಲಿ ಒತ್ತಿ ಹಿಡಿದು ಕಾಯುವುದಕ್ಕಿಂತ ಇದು ಎಷ್ಟೋ ಚೆನ್ನ.

ವೇಗದ್ದು ಮಾತ್ರ ಕಷ್ಟವಾಯಿತು. ಮೊದಲು ಪ್ರತಿ ಸಲ ಚೌಕಗಳ ಇಡೀ ಟೇಬಲ್ ಮತ್ತೆ ಬರೆಯುತ್ತಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಗೊತ್ತೇ ಆಗಲಿಲ್ಲ, ಇಲ್ಲಿ ಮುಟ್ಟಿ ಕಾಯಬೇಕಿತ್ತು. ಈಗ ಬದಲಾದ ಚೌಕದ ಕ್ಲಾಸ್ (ಅದು ಹೇಗೆ ಕಾಣಬೇಕು ಅಂತ ಹೇಳುವ ಗುರುತು) ಮಾತ್ರ ಬದಲಿಸುತ್ತೇನೆ. 81 ಚೌಕಕ್ಕೂ ಬೇರೆ ಬೇರೆ ಹ್ಯಾಂಡ್ಲರ್ (ಮುಟ್ಟಿದಾಗ ಓಡುವ ಕೋಡ್) ಬದಲು ಇಡೀ ಟೇಬಲ್‌ಗೆ ಒಂದೇ. ಖಾಲಿ ಜಾಗ ಒಟ್ಟಿಗೆ ತೆರೆಯುವಾಗ ಎಂಟೆಂಟು ಚೌಕ ತೆರೆದು, ನಡುವೆ ಬ್ರೌಸರ್‌ಗೆ ಉಸಿರಾಡಲು ಬಿಡುತ್ತೇನೆ. ಅಲೆ ಹರಡಿದ ಹಾಗೆ ಕಾಣುತ್ತದೆ. ವೇಗಕ್ಕೆಂದು ಮಾಡಿದ್ದು ಅಂದಕ್ಕೂ ಆಯಿತು.

ಕೋಡ್ ಪೂರ್ತಿ ಹಳೇ ಜಾವಾಸ್ಕ್ರಿಪ್ಟ್‌ನಲ್ಲೇ ಇದೆ. ವೇರಿಯಬಲ್‌ಗಳಿಗೆ ಹಳೇ 'ವಾರ್' (var) ಮಾತ್ರ, ಫಂಕ್ಷನ್ ಬರೆಯುವ ಹೊಸ ರೀತಿಯಾದ ಆರೋ ಫಂಕ್ಷನ್ ಇಲ್ಲ. ಅಭ್ಯಾಸಬಲದಿಂದ ಒಂದು ಕಡೆ ಆರೋ ಬರೆದು ಬಿಳಿ ಪುಟ ನೋಡುತ್ತಾ ಕೂತಿದ್ದೆ, ಏನು ತಪ್ಪು ಅಂತ ಹೇಳುವ ಕನ್ಸೋಲ್ ವಿಂಡೋ ಇಲ್ಲಿಲ್ಲ. ಆಮೇಲೆ ತಪ್ಪನ್ನೆಲ್ಲ ಹಿಡಿದು ಮೇಲಿನ ಪರದೆಯಲ್ಲಿ ಬರೆಯುವ ಪುಟ್ಟ ಸ್ಕ್ರಿಪ್ಟನ್ನು ಎಲ್ಲಕ್ಕಿಂತ ಮೊದಲು ಲೋಡ್ ಆಗುವ ಹಾಗೆ ಸೇರಿಸಿದೆ. ಇಂಥ ಬ್ರೌಸರ್‌ಗೆ ಬರೆಯುವವರು ಮೊದಲ ದಿನವೇ ಇದನ್ನು ಮಾಡಿಕೊಳ್ಳಿ.

ಪರೀಕ್ಷೆಗೆ ಲ್ಯಾಪ್‌ಟಾಪ್‌ನಿಂದಲೇ ಸಾದಾ ಎಚ್‌ಟಿಟಿಪಿಯಲ್ಲಿ ಪುಟ ಕೊಡುತ್ತೇನೆ, ಹೊಸ ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ) ತಾಣಗಳು ಹಲವು ಇದರಲ್ಲಿ ತೆರೆಯುವುದೇ ಇಲ್ಲ. ವಿಳಾಸ ಟೈಪ್ ಮಾಡುವ ಗೋಳೂ ಬೇಡ. ಹೋಮ್ ಮೆನುವಿನಲ್ಲಿ ಎಲ್, ಆರ್ ಬಟನ್ ಒಟ್ಟಿಗೆ ಒತ್ತಿದರೆ ಕ್ಯಾಮೆರಾ ಬರುತ್ತದೆ, ಅದರಲ್ಲೇ ಕ್ಯುಆರ್ ಕೋಡ್ ಓದಿಸಬಹುದು.

ನಿನ್ನೆ ರಾತ್ರಿ ಆಟ ಮುಗಿಸಿದ ಅತಿ ಕಡಿಮೆ ಸಮಯವನ್ನು ಕುಕಿಯಲ್ಲಿ (ಬ್ರೌಸರ್ ನೆನಪಿಟ್ಟುಕೊಳ್ಳುವ ಪುಟ್ಟ ಮಾಹಿತಿ) ಉಳಿಸುವುದನ್ನು ಸೇರಿಸಿದೆ. 94 ಸೆಕೆಂಡ್‌ನಲ್ಲಿ ಮುಗಿಸಿ, ಕನ್ಸೋಲ್ ಆಫ್ ಮಾಡಿ ಮಲಗಿದೆ. ಬೆಳಗ್ಗೆ ತೆರೆದರೆ ಮೇಲಿನ ಪರದೆಯಲ್ಲಿ 94 ಹಾಗೇ ಇತ್ತು.