ಕುದುರೆಯೊಂದಿಗೆ ನೆಲೆಸಲು ಊರು ಹುಡುಕುತ್ತ: ಕ್ಯಾರೊಲಿನಾದ ಮೂರು ಪಟ್ಟಣಗಳು

ಎರಡು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಹೆಣ್ಣು ಕುದುರೆಗೆ ಹೊಟ್ಟೆಶೂಲೆ ಕಾಣಿಸಿಕೊಂಡಾಗ, ಶಸ್ತ್ರಚಿಕಿತ್ಸೆ ಮಾಡಬಲ್ಲ ಪಶು ಆಸ್ಪತ್ರೆ ನಾವಿದ್ದ ಊರಿನಿಂದ ಮೂರು ಗಂಟೆಯ ದಾರಿಯಲ್ಲಿತ್ತು. ಅವಳು ಬದುಕಿಕೊಂಡಳು, ಆದರೆ ಆ ಮೂರು ಗಂಟೆಗಳನ್ನು ಮತ್ತೊಮ್ಮೆ ಅನುಭವಿಸಲು ನಾನಾಗಲಿ ನನ್ನ ಪತಿಯಾಗಲಿ ಸಿದ್ಧರಿರಲಿಲ್ಲ. ಕುದುರೆ ಸಾಕುವವರೇ ಹೆಚ್ಚಾಗಿರುವ ಸಣ್ಣ ಪಟ್ಟಣವೊಂದಕ್ಕೆ ಹೋಗಿ ನೆಲೆಸುವ ಯೋಚನೆ ಹುಟ್ಟಿದ್ದು ಹಾಗೆ. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಏಕೆನ್, ಉತ್ತರ ಕ್ಯಾರೊಲಿನಾದ ಸದರ್ನ್ ಪೈನ್ಸ್ ಮತ್ತು ಟ್ರಯಾನ್ ಎಂಬ ಮೂರು ಊರುಗಳನ್ನು ನಾವು ಕಳೆದ ಆಗಸ್ಟ್‌ನಲ್ಲಿ ಒಂಬತ್ತು ದಿನಗಳಲ್ಲಿ ನೋಡಿ ಬಂದೆವು.

ಆಗಸ್ಟ್ ತಿಂಗಳನ್ನು ಬೇಕೆಂದೇ ಆರಿಸಿಕೊಂಡಿದ್ದೆವು. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದ ಸವಾರರು ಬಂದು ತುಂಬಿಕೊಳ್ಳುವಾಗ ಈ ಊರುಗಳು ಬಹಳ ಚೆಂದ ಕಾಣುತ್ತವೆ. ಆದರೆ ಅಲ್ಲಿಯೇ ಬಾಳುವವರು ಸೆಕೆ, ನೊಣ, ಸೊಳ್ಳೆಗಳ ದಿನಗಳನ್ನೂ ಕಳೆಯಬೇಕು, ಅವರ ಕುದುರೆಗಳೂ ಕಳೆಯಬೇಕು. ಸಾಧ್ಯವಿದ್ದರೆ ಕುದುರೆಯನ್ನೂ ಕರೆದುಕೊಂಡು ಹೋಗಿ. ರಾಜ್ಯದ ಗಡಿ ದಾಟಲು ರಕ್ತಹೀನತೆ ತರುವ ವೈರಸ್ ಸೋಂಕು ಇಲ್ಲವೆಂದು ತೋರಿಸುವ ಕಾಗಿನ್ಸ್ ಪರೀಕ್ಷೆಯ ಪತ್ರ ಬೇಕಾಗುತ್ತದೆ. ಜೊತೆಗೆ ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರವನ್ನೂ ಹೊರಡುವ ಮೊದಲೇ ಪಡೆದುಕೊಳ್ಳಿ. ದಾರಿಯಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿ.

ಮೊದಲು ಹೋದದ್ದು ಏಕೆನ್‌ಗೆ. ಹಳೆಯ ಬಡಾವಣೆಯ ಅನೇಕ ಬೀದಿಗಳಿಗೆ ಇಂದಿಗೂ ಡಾಂಬರು ಹಾಕಿಲ್ಲ. ಕುದುರೆಯ ಕಾಲಿಗೆ ಹಿತವಾಗಲೆಂದು ಅವುಗಳನ್ನು ಮಣ್ಣಿನ ದಾರಿಗಳಾಗಿಯೇ ಉಳಿಸಿಕೊಂಡಿದ್ದಾರೆ. ವಿಸ್ಕಿ ರಸ್ತೆಯನ್ನು ದಾಟುವಲ್ಲಿ ಸಿಗ್ನಲ್‌ನ ಗುಂಡಿಯನ್ನು ಕುದುರೆಯ ಮೇಲೆ ಕುಳಿತವರ ಕೈಗೆ ಎಟಕುವ ಎತ್ತರದಲ್ಲಿಯೂ ಇಟ್ಟಿರುವುದನ್ನು ಕಂಡು ನನಗೆ ಮನಸ್ಸು ತುಂಬಿ ಬಂತು. ಊರಿಗೆ ಅಂಟಿಕೊಂಡೇ ಸುಮಾರು 2,100 ಎಕರೆಯ ಹಿಚ್‌ಕಾಕ್ ವುಡ್ಸ್ ಎಂಬ ಕಾಡಿದೆ. 1939ರಲ್ಲಿ ಸ್ಥಾಪನೆಯಾದ ಪ್ರತಿಷ್ಠಾನವೊಂದು ಅದನ್ನು ನೋಡಿಕೊಳ್ಳುತ್ತಿದ್ದು, ಅಲ್ಲಿ ಮೋಟಾರು ವಾಹನಕ್ಕೂ ಸೈಕಲ್ಲಿಗೂ ಪ್ರವೇಶವಿಲ್ಲ.

ಇಲ್ಲಿನ ನೆಲ ಮರಳು. ಮಳೆ ನಿಂತ ಒಂದು ಗಂಟೆಯಲ್ಲಿ ನಾವು ಸವಾರಿಗೆ ಹೊರಟೆವು, ಎಲ್ಲಿಯೂ ಗೊರಸು ಜಾರಲಿಲ್ಲ. ಆದರೆ ಮರಳಿನಲ್ಲಿ ಹುಲ್ಲು ಸೊಂಪಾಗಿ ಬೆಳೆಯುವುದಿಲ್ಲವಾದ್ದರಿಂದ, ವಿಸ್ತಾರವಾದ ಹುಲ್ಲುಗಾವಲು ಕಣ್ಣಿಗೆ ಕಂಡರೂ ಮೇವನ್ನು ವರ್ಷದ ಬಹುಪಾಲು ಕೊಂಡೇ ತರಬೇಕಾದೀತು. ಐನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಎಂಟರಿಂದ ಹತ್ತು ಕಿಲೋ ಒಣಹುಲ್ಲು ಬೇಕು. ಅದನ್ನು ಯಾರು, ಎಲ್ಲಿಂದ, ಯಾವ ತಿಂಗಳಲ್ಲಿ ತಂದು ಹಾಕುತ್ತಾರೆ ಎಂದು ಲಾಯ ನಡೆಸುವವರನ್ನೇ ಕೇಳಬೇಕು. ನೆಲದ ಮೇಲೆ ಹಾಕಿದ ಮೇವಿನೊಂದಿಗೆ ಮರಳು ಹೊಟ್ಟೆ ಸೇರಿದರೆ ಅದೇ ಶೂಲೆಗೆ ಕಾರಣವಾಗುತ್ತದೆ. ನಾಲ್ಕಾರು ಉಂಡೆ ಲದ್ದಿಯನ್ನು ಪಾರದರ್ಶಕ ಚೀಲದಲ್ಲಿ ನೀರಿನೊಂದಿಗೆ ಕದಡಿ ತೂಗುಹಾಕಿದರೆ, ಮರಳಿದ್ದಲ್ಲಿ ಅದು ತಳಕ್ಕೆ ಇಳಿಯುತ್ತದೆ. ನಾವು ಏಕೆನ್‌ನ ಮೂರನೆಯ ದಿನವೇ ಹೀಗೆ ನೋಡಿದೆವು. ಒಂದು ಚಿಟಿಕೆಯಷ್ಟು ಮರಳು ಕಂಡಿತು. ಅಂದಿನಿಂದ ಮೇವನ್ನು ರಬ್ಬರ್ ಹಾಸಿನ ಮೇಲೆಯೇ ಕೊಡುತ್ತಿದ್ದೇವೆ.

ಸದರ್ನ್ ಪೈನ್ಸ್ ಅಲ್ಲಿಂದ ಮೂರು ಗಂಟೆಗೂ ಹೆಚ್ಚಿನ ದಾರಿ. ಅಲ್ಲಿಯೂ ಮರಳು ನೆಲವೇ. ಉದ್ದನೆಯ ಎಲೆಗಳ ಪೈನ್ ಮರಗಳ ನಡುವೆ ಸುಮಾರು 4,000 ಎಕರೆಯನ್ನು ವಾಲ್ಥರ್ ಮಾಸ್ ಪ್ರತಿಷ್ಠಾನ ಸವಾರರಿಗೂ ವನ್ಯಜೀವಿಗಳಿಗೂ ಕಾಯ್ದಿರಿಸಿದೆ. ಈ ಜಾತಿಯ ಪೈನ್ ಕಾಡು ಉಳಿಯಬೇಕಾದರೆ ಆಗಾಗ ನಿಯಂತ್ರಿತವಾಗಿ ಬೆಂಕಿ ಇಡಬೇಕಾಗುತ್ತದೆ, ಆದ್ದರಿಂದ ಉಸಿರಾಟದ ತೊಂದರೆ ಇರುವ ಕುದುರೆಯವರು ಹೊಗೆಯ ದಿನಗಳ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಬೇಕು. ಹತ್ತಿರದಲ್ಲಿಯೇ ಫೋರ್ಟ್ ಬ್ರ್ಯಾಗ್ ಸೇನಾನೆಲೆ ಇರುವುದರಿಂದ ಫಿರಂಗಿಯ ಸದ್ದೂ ಕೇಳಿಸುತ್ತದೆ. ಮೊದಲ ಬೆಳಿಗ್ಗೆ ನಮ್ಮವಳು ಬೆಚ್ಚಿ ಪಕ್ಕಕ್ಕೆ ಹಾರಿದಳು. ಮೂರನೆಯ ದಿನ ಕಿವಿಯನ್ನಷ್ಟೇ ತಿರುಗಿಸಿದಳು. ಕುದುರೆಯನ್ನು ಜೊತೆಗೊಯ್ಯದಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಟ್ರಯಾನ್ ಬೆಟ್ಟಗಳ ಬುಡದಲ್ಲಿದೆ. ಸೆಕೆ ತುಸು ಕಡಿಮೆ, ನೋಟ ಮೂರು ಊರುಗಳಲ್ಲಿ ಎಲ್ಲಕ್ಕಿಂತ ಸುಂದರ. 2018ರ ವಿಶ್ವ ಕುದುರೆ ಸವಾರಿ ಕ್ರೀಡಾಕೂಟ ಇಲ್ಲಿಗೆ ಸಮೀಪದ ಮಿಲ್ ಸ್ಪ್ರಿಂಗ್‌ನಲ್ಲಿ ನಡೆದಿತ್ತು. ಆದರೂ ನಾವು ಹೆಚ್ಚು ಹಿಂಜರಿದದ್ದು ಇಲ್ಲಿಯೇ. ಕೆಂಪು ಜೇಡಿಮಣ್ಣು ಮಳೆಯಲ್ಲಿ ಜಾರುತ್ತದೆ, ಬಿಸಿಲಿನಲ್ಲಿ ಕಲ್ಲಾಗುತ್ತದೆ. ಕೆಸರಿನಲ್ಲಿ ನಮ್ಮ ಕುದುರೆಯ ಒಂದು ಲಾಳ ಕಿತ್ತುಹೋಯಿತು. ಗಾವಲು ಹಸಿರಾಗಿದ್ದರೂ ಈ ಭಾಗದಲ್ಲಿ ಸಾಮಾನ್ಯವಾದ ಫೆಸ್ಕ್ಯೂ ಹುಲ್ಲಿನೊಳಗೆ ಬೆಳೆಯುವ ಶಿಲೀಂಧ್ರ ಗಬ್ಬದ ಕುದುರೆಗಳಿಗೆ ಅಪಾಯಕಾರಿ. ಇಲ್ಲಿನ ಸವಾರಿ ದಾರಿಗಳ ದೊಡ್ಡ ಜಾಲ ಖಾಸಗಿ ಜಮೀನುಗಳ ಮೂಲಕ, ಮಾಲೀಕರ ಒಪ್ಪಿಗೆಯ ಮೇಲೆ ನಡೆಯುತ್ತದೆ. ಅಂಥ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ; ಆದರೆ ಜಮೀನು ಕೈಬದಲಾದ ದಿನ ದಾರಿಯೂ ಮುಚ್ಚಬಹುದು ಎಂಬುದನ್ನು ಮನೆ ಕೊಳ್ಳುವವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮನೆಯ ಹಿಂಬದಿಯಿಂದಲೇ ಕಾಡಿನ ದಾರಿ ಇದೆಯೆಂದು ಯಾವುದೇ ಊರಿನಲ್ಲಿ ಮಾರುವವರು ಹೇಳಿದರೆ, ಆ ದಾರಿಯ ಹಕ್ಕು ಕ್ರಯಪತ್ರದಲ್ಲಿ ಬರೆದಿದೆಯೇ ಅಥವಾ ನೆರೆಯವರ ಬಾಯಿಮಾತೇ ಎಂದು ನೋಡಿ. ಎಕರೆಗೆ ಎಷ್ಟು ಕುದುರೆ ಇಡಬಹುದು ಎಂಬುದನ್ನು ಕೌಂಟಿ, ಅಂದರೆ ಅಲ್ಲಿನ ಜಿಲ್ಲೆಯ, ಕಚೇರಿಯಲ್ಲಿ ಕೇಳಿ. ಬಡಾವಣೆಯ ಸಂಘವಿದ್ದರೆ ಅದರ ನಿಯಮಗಳನ್ನೂ ಪೂರ್ತಿ ಓದಿ.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಉತ್ತರ ಕ್ಯಾರೊಲಿನಾದ ಪಶ್ಚಿಮ ಭಾಗದಲ್ಲಿ ಪ್ರವಾಹ, ಭೂಕುಸಿತಗಳನ್ನು ತಂದಿತು. ಏಕೆನ್ ಸುತ್ತಲೂ ಮರಗಳು ಉರುಳಿ ವಿದ್ಯುತ್ ಕಡಿತಗೊಂಡಿತ್ತು. ಕೊಳವೆಬಾವಿಯನ್ನೇ ನಂಬಿರುವ ಮನೆಯಲ್ಲಿ ವಿದ್ಯುತ್ ಹೋದರೆ ನೀರೂ ಹೋಗುತ್ತದೆ, ಬೇಸಿಗೆಯಲ್ಲಿ ಒಂದೊಂದು ಕುದುರೆ ದಿನಕ್ಕೆ ನಲವತ್ತು ಲೀಟರಿಗೂ ಹೆಚ್ಚು ಕುಡಿಯುತ್ತದೆ. ಜನರೇಟರ್ ಇದೆಯೇ, ಕುದುರೆ ಸಾಗಿಸುವ ಟ್ರೇಲರ್ ಹೊರಡಲು ಎರಡನೆಯ ರಸ್ತೆ ಇದೆಯೇ ಎಂದು ಪ್ರತಿಯೊಂದು ಕಡೆಯೂ ಕೇಳಿದೆವು.

ಲಾಳ ಹೊಡೆಯುವವರನ್ನು ಭೇಟಿಯಾಗದೆ ಯಾವ ಊರನ್ನೂ ಬಿಡಬೇಡಿ. ಆರರಿಂದ ಎಂಟು ವಾರಕ್ಕೊಮ್ಮೆ ಅವರು ಬೇಕೇ ಬೇಕು, ಹೊಸಬರ ಕುದುರೆಗಳನ್ನು ಒಪ್ಪಿಕೊಳ್ಳುವಷ್ಟು ಬಿಡುವು ಎಲ್ಲರಿಗೂ ಇರುವುದಿಲ್ಲ. ಊರಿನ ಯಾವ ಲಾಯ ಒಳ್ಳೆಯದು, ಯಾವ ಗಾವಲಿನಲ್ಲಿ ಕಾಲು ಕೆಡುತ್ತದೆ ಎಂಬುದು ಅವರಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ.

ನಾವು ಸದರ್ನ್ ಪೈನ್ಸ್‌ನಲ್ಲಿ ಆರು ತಿಂಗಳಿಗೆ ಲಾಯವನ್ನೂ ಒಂದು ಸಣ್ಣ ಮನೆಯನ್ನೂ ಬಾಡಿಗೆಗೆ ಹಿಡಿದಿದ್ದೇವೆ. ಏಕೆನ್ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾಗಿತ್ತು. ಆದರೆ ಸದರ್ನ್ ಪೈನ್ಸ್‌ನಿಂದ ರಾಲಿ ನಗರದಲ್ಲಿರುವ ರಾಜ್ಯ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಗೆ ಸುಮಾರು ಒಂದೂವರೆ ಗಂಟೆ. ಟ್ರೇಲರ್ ಕಟ್ಟಿಕೊಂಡು ಆ ದಾರಿಯಲ್ಲಿ ಒಮ್ಮೆ ಹೋಗಿ ಬಂದ ಮೇಲೆಯೇ ಮುಂಗಡ ಕೊಟ್ಟೆವು. ಜಮೀನು ಕೊಳ್ಳುವ ಮಾತು ಅಲ್ಲಿ ಒಂದು ಚಳಿಗಾಲ ಕಳೆದ ಮೇಲೆ.